ಹನ್ನೊಂದು ನಿಮಿಷ ಕಾಯಿಸುತ್ತಿದ್ದ ಕಂಪ್ಯೂಟರು

ಈಗಿನ ಕಂಪ್ಯೂಟರು ನೀವು ಗುಂಡಿ ಒತ್ತಿ ಒಂದು ಲೋಟ ನೀರು ಕುಡಿಯುವುದರೊಳಗೆ ಕೆಲಸಕ್ಕೆ ತಯಾರಾಗಿರುತ್ತದೆ. ನಮ್ಮ ಕಾಲದ್ದು ಹಾಗಿರಲಿಲ್ಲ. ಅದು ಎದ್ದು ಕಣ್ಣು ಬಿಡಲು ಹನ್ನೊಂದು ನಿಮಿಷ ಬೇಕಾಗುತ್ತಿತ್ತು. ಗೋಡೆಯ ಗಡಿಯಾರ ನೋಡಿಕೊಂಡು ಎಷ್ಟೋ ಸಲ ಎಣಿಸಿದ್ದೇನೆ. ಆ ಹನ್ನೊಂದು ನಿಮಿಷಗಳನ್ನು ಕಡಿಮೆ ಮಾಡಲು ಹೋಗಿ ನಾನು ಮಾಡಿದ ಒಂದು ತಪ್ಪನ್ನು, ಈ ಕೆಲಸಕ್ಕೆ ಹೊಸದಾಗಿ ಬರುವವರಿಗಾಗಿ ಬರೆದಿಡುತ್ತಿದ್ದೇನೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದೆಲ್ಲ ನನ್ನ ಸೇವಾ ಪುಸ್ತಕದಲ್ಲಿದೆ. ಅದು ಅಲ್ಲಿಯೇ ಇರಲಿ.

ನಾನು ಎಪ್ಪತ್ತರ ದಶಕದ ಕೊನೆಯಲ್ಲಿ ಬೆರಳಚ್ಚುಗಾರ್ತಿಯಾಗಿ ಸೇರಿದವಳು. ಕೆಲಸ ಬೇಕಾದವರ ಹೆಸರು ಬರೆದುಕೊಂಡು, ಎಲ್ಲಾದರೂ ಜಾಗ ಖಾಲಿಯಾದಾಗ ಸರದಿಯ ಪ್ರಕಾರ ಅವರನ್ನು ಸಂದರ್ಶನಕ್ಕೆ ಕಳಿಸುವ ಕಚೇರಿ ನಮ್ಮದು. ಮೊದಮೊದಲು ಎಲ್ಲವೂ ಕಾರ್ಡುಗಳಲ್ಲಿತ್ತು. ಮರದ ಉದ್ದನೆಯ ಪೆಟ್ಟಿಗೆಗಳಲ್ಲಿ ಸಾವಿರಾರು ಕಾರ್ಡು, ಪ್ರತಿಯೊಂದರ ತುದಿಯಲ್ಲೂ ಬೆರಳಿನ ಕಪ್ಪು. ತೊಂಬತ್ತರ ದಶಕದಲ್ಲಿ ಕಂಪ್ಯೂಟರುಗಳು ಬಂದವು. ಹದಿನೈದು ದಿನದ ತರಬೇತಿಗೆ ಯಾರೂ ಒಪ್ಪಲಿಲ್ಲ, ನಾನು ಹೋದೆ. ಅಷ್ಟಕ್ಕೇ ಮೂರು ತಾಲೂಕುಗಳ ಮೂರು ಕಂಪ್ಯೂಟರು ನನ್ನ ಕೊರಳಿಗೆ ಬಿದ್ದವು. ಸೋಮವಾರ, ಮಂಗಳವಾರ ಆಳಂದ. ಬುಧವಾರ, ಗುರುವಾರ ಅಫಜಲಪುರ. ಶುಕ್ರವಾರ, ಶನಿವಾರ ಜೇವರ್ಗಿ. ಮನೆ ಕಲಬುರಗಿಯಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಕಿಟಕಿಗೆ ತಲೆ ಆನಿಸಿದರೆ ಅರ್ಧ ನಿದ್ದೆ, ಅರ್ಧ ಎಚ್ಚರ. ತೊಗರಿ ಹೂಬಿಟ್ಟ ಕಾಲದಲ್ಲಿ ಕಿಟಕಿಯ ಆಚೆ ಮೈಲುಗಟ್ಟಲೆ ಹಳದಿ. ನಾನು ಇಳಿಯುವುದು ಯಾವ ಊರು ಎಂಬುದೇ ಒಮ್ಮೊಮ್ಮೆ ಮರೆತುಹೋಗುತ್ತಿತ್ತು. ಕಂಡಕ್ಟರನೇ ಕೂಗಿ ಎಬ್ಬಿಸುತ್ತಿದ್ದ: “ಬಾಯೀ, ಇವತ್ತ ಬುಧವಾರ, ಅಫಜಲಪುರ ಬಂತು, ಇಳೀರಿ.”

ಕಚೇರಿಗೆ ಬಂದು ಗುಂಡಿ ಒತ್ತಿದರೆ ಒಳಗಿನ ಫ್ಯಾನು ಒಂದು ಸಲ ನಿಟ್ಟುಸಿರು ಬಿಡುತ್ತಿತ್ತು. ಕಪ್ಪು ತೆರೆಯ ಮೂಲೆಯಲ್ಲಿ ಹಸಿರು ಅಂಕಿಗಳು ಮೂಡಿ, ಅದು ತನ್ನ ನೆನಪಿನ ಶಕ್ತಿಯನ್ನು ತಾನೇ ಎಣಿಸಿಕೊಳ್ಳುತ್ತಿತ್ತು. ಆಮೇಲೆ ಗರ್‍ರ್ ಎಂದು ಫ್ಲಾಪಿಯ ಬಾಯಿ ತಡಕುವುದು. ಆಮೇಲೆ ಒಳಗಿನ ಡಿಸ್ಕು ಟಕಟಕ ಎನ್ನುವುದು. ಒಂದಾದ ಮೇಲೊಂದು ಸಾಲು ಮೇಲಕ್ಕೆ ಹರಿಯುತ್ತಿತ್ತು. ನಡುವೆ ಅದು ಸುಮ್ಮನೆ ನಿಂತುಬಿಡುತ್ತಿತ್ತು; ಹಸಿರು ಗೆರೆಯೊಂದು ಮಾತ್ರ ಕಣ್ಣು ಮಿಟುಕಿಸುತ್ತಿತ್ತು. ಆ ಹೊತ್ತಿನಲ್ಲಿ ನಾನು ಎಲ್ಲೆಲ್ಲಿಗೋ ಹೋಗಿಬರುತ್ತಿದ್ದೆ. ತೀರಿಹೋದ ಅಜ್ಜಿಯ ದನಿ ಕೇಳಿದ್ದೂ ಉಂಟು. ಸುಳ್ಳೇಕೆ ಹೇಳಲಿ, ಆ ನಿಮಿಷಗಳು ನನಗೆ ಇಷ್ಟವಾಗಿದ್ದವು.

ಹೊರಗೆ ಕಾಯುವವರಿಗೆ ಇಷ್ಟವಾಗುತ್ತಿರಲಿಲ್ಲ. ಆಳಂದದಲ್ಲಿ ಕರೆಂಟು ಬೆಳಿಗ್ಗೆಯಿಂದ ಸಂಜೆಯೊಳಗೆ ನಾಲ್ಕೈದು ಸಲ ಹೋಗುತ್ತಿತ್ತು. ಹೋಗಿ ಬಂದಾಗಲೆಲ್ಲ ಮತ್ತೆ ಹನ್ನೊಂದು ನಿಮಿಷ. ಒಮ್ಮೆ ಖಜೂರಿ ಎಂಬ ಹಳ್ಳಿಯ ಮುದುಕರೊಬ್ಬರು ಮೊಮ್ಮಗಳ ಹೆಸರು ಬರೆಸಲು ಅವಳನ್ನು ಕರೆದುಕೊಂಡು ಬಂದಿದ್ದರು. ಅವರ ಸರದಿ ಬರುವಾಗ ಕರೆಂಟು ಹೋಯಿತು. ಬಂತು. ಕಂಪ್ಯೂಟರು ಅರ್ಧ ಎದ್ದಿತ್ತು, ಮತ್ತೆ ಹೋಯಿತು. ಹೀಗೆ ಮೂರು ಸಲ ಆದ ಮೇಲೆ ಮುದುಕರು ಎದ್ದು ಧೋತರ ಕೊಡವಿಕೊಂಡರು.

“ಬಾಯೀ, ನಿಮ್ಮ ಮಷೀನ್ ಏಳೂದ್ರಾಗ ನಮ್ಮ ಬಸ್ ಹೋಗಿಬಿಡ್ತದ್ರಿ. ಇದಕ್ಕ ಲಗೂನ ಏಳೂದು ಯಾರರೆ ಕಲಸ್ರಿ.”

ಅವರು ಸಿಟ್ಟಿನಿಂದ ಹೇಳಲಿಲ್ಲ. ಹಟಮಾರಿ ಎತ್ತಿನ ಬಗ್ಗೆ ಹೇಳಿದ ಹಾಗೆ ಹೇಳಿದರು. ಆ ಹುಡುಗಿ ಹೆಸರು ಬರೆಸದೆಯೇ ಹೋದಳು. ಅದೇ ವಾರ ನಮ್ಮ ಮೇಲಧಿಕಾರಿ ಬಿರಾದಾರ ಸಾಹೇಬರು ಕೂಡ ಕರೆದು ಹೇಳಿದರು: “ಸುಮಂಗಲಾ, ಮ್ಯಾಲಿನವರು ಮುಂದಿನ ತಿಂಗಳು ನೋಡಲಿಕ್ಕೆ ಬರ್ತಾರಂತ. ಅವರ ಮುಂದ ಹನ್ನೊಂದು ನಿಮಿಷ ನಾ ಏನ್ ಮಾತಾಡ್ಲಿ? ಏನರೆ ಮಾಡ್ರಿ.”

ಬಿರಾದಾರ ಸಾಹೇಬರು ತೆಳ್ಳಗೆ, ಎತ್ತರಕ್ಕೆ ಇದ್ದವರು. ಯಾವ ಕಾಗದವನ್ನೂ ಎರಡು ಸಲ ಓದದೆ ಸಹಿ ಹಾಕುತ್ತಿರಲಿಲ್ಲ. ಮೂರು ತಾಲೂಕನ್ನೂ ಅವರೇ ನೋಡಿಕೊಳ್ಳುತ್ತಿದ್ದರು, ಶುಕ್ರವಾರ ಜೇವರ್ಗಿಯಲ್ಲಿ ಕೂಡುತ್ತಿದ್ದರು. ಕಂಪ್ಯೂಟರಿನ ಕೀಲಿಮಣೆಯನ್ನು ಮಾತ್ರ ಅವರು ಒಂದು ದಿನವೂ ಮುಟ್ಟಿದ್ದು ನಾನು ಕಾಣೆ.

ಕಂಪ್ಯೂಟರಿನ ಜೊತೆ ಬಂದಿದ್ದ ದಪ್ಪ ಇಂಗ್ಲಿಷ್ ಪುಸ್ತಕವನ್ನು ಬಸ್ಸಿನಲ್ಲಿ ಓದತೊಡಗಿದೆ, ತೊಡೆಯ ಮೇಲೆ ನಿಘಂಟು. ಓದುತ್ತ ಓದುತ್ತ ಗೊತ್ತಾಗಿದ್ದು ಇಷ್ಟು: ಕಂಪ್ಯೂಟರು ಪ್ರತಿ ಬೆಳಿಗ್ಗೆ ಎದ್ದಕೂಡಲೇ ಒಂದು ಪಟ್ಟಿಯನ್ನು ಓದಿಕೊಳ್ಳುತ್ತದೆ. ಏನೇನು ಮಾಡಬೇಕು, ಯಾವುದಾದ ಮೇಲೆ ಯಾವುದು ಎಂದು ಅದರಲ್ಲಿ ಬರೆದಿರುತ್ತದೆ. ಆ ಪಟ್ಟಿಯನ್ನು ನಾವೇ ತೆರೆದು ನೋಡಬಹುದು, ತಿದ್ದಲೂಬಹುದು. ಆಳಂದದಲ್ಲಿ ತೆರೆದು ನೋಡಿದರೆ, ಅಬ್ಬಾ! ಬಂದುಹೋದ ಮೆಕ್ಯಾನಿಕ್ಕುಗಳೆಲ್ಲ ಒಂದೊಂದು ಸಾಲು ಸೇರಿಸಿ ಹೋಗಿದ್ದರು. ವೈರಸ್ ಹುಡುಕುವ ಸಾಲು ಎರಡು ಸಲ ಇತ್ತು. ಡಿಸ್ಕನ್ನು ಮೂಲೆಮೂಲೆ ತಪಾಸಣೆ ಮಾಡುವ ಸಾಲು ಇತ್ತು. ಯಾವಾಗಲೋ ತೆಗೆದುಹಾಕಿದ ಪ್ರಿಂಟರನ್ನು ಕರೆಯುವ ಸಾಲೂ ಇತ್ತು. ಕಂಪ್ಯೂಟರು ಪ್ರತಿದಿನ ಆ ಇಲ್ಲದ ಪ್ರಿಂಟರಿಗಾಗಿ ಒಂದು ನಿಮಿಷ ಕಾಯುತ್ತಿತ್ತು.

ಒಂದೊಂದೇ ಸಾಲು ತೆಗೆದು, ಆರಿಸಿ, ಮತ್ತೆ ಹಚ್ಚಿ, ಗಡಿಯಾರ ನೋಡಿ ಬರೆದುಕೊಂಡೆ. ತಪಾಸಣೆಯನ್ನು ವಾರಕ್ಕೊಮ್ಮೆ ನಾನೇ ಮಾಡುವುದೆಂದು ಇಟ್ಟುಕೊಂಡೆ. ಬೇಡದ ಹಳೆಯ ಕಡತಗಳನ್ನು ಅಳಿಸಿದೆ. ಒಂದು ಮಂಗಳವಾರ ಮಧ್ಯಾಹ್ನವಿಡೀ ಡಿಸ್ಕಿನಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಕಡತಗಳನ್ನು ಒಂದೆಡೆ ಕೂಡಿಸುವ ಕೆಲಸಕ್ಕೆ ಬಿಟ್ಟೆ. ತೆರೆಯ ಮೇಲೆ ಸಣ್ಣ ಸಣ್ಣ ಚೌಕಗಳು ಒಂದು ಕಡೆಯಿಂದ ಮಾಯವಾಗಿ ಇನ್ನೊಂದು ಕಡೆ ಬಂದು ಕೂಡುತ್ತಿದ್ದವು. ಸಂಜೆಗೆ ಸಾಲುಗಟ್ಟಿ ಕೂಡುವ ಬೆಳ್ಳಕ್ಕಿಗಳನ್ನು ನೋಡಿದ ಹಾಗೆ ಅದನ್ನೇ ನೋಡುತ್ತ ಕೂತಿದ್ದೆ. ಯಾರೋ ಎರಡು ಸಲ ಕರೆದರಂತೆ, ನನಗೆ ಕೇಳಿಸಿರಲಿಲ್ಲ.

ಇನ್ನೊಂದು ಸಾಲು ಉಳಿದಿತ್ತು. ಪ್ರತಿಸಲ ಎದ್ದಾಗ ಕಂಪ್ಯೂಟರು ‘ಇವತ್ತಿನ ತಾರೀಖು ಏನು?’ ಎಂದು ಕೇಳಿ, ಯಾರಾದರೂ ಉತ್ತರ ಕೊಡುವ ತನಕ ನಿಂತುಬಿಡುತ್ತಿತ್ತು. ಆದರೆ ಅದು ಕೇಳುವಾಗಲೇ ಸರಿಯಾದ ತಾರೀಖನ್ನು ತಾನೇ ತೋರಿಸುತ್ತಿತ್ತು. ಗೊತ್ತಿದ್ದೂ ಕೇಳುವುದೇಕೆ? ಆ ಸಾಲನ್ನೂ ತೆಗೆದೆ.

ಹನ್ನೊಂದು ನಿಮಿಷ ಎರಡಕ್ಕಿಂತ ಕಡಿಮೆಗೆ ಇಳಿಯಿತು. ಆಳಂದದ ಸಿಬ್ಬಂದಿ ನನಗೆ ಶೇಂಗಾ ಹೋಳಿಗೆ ತರಿಸಿ ತಿನ್ನಿಸಿದರು. ಅಫಜಲಪುರದಲ್ಲೂ ಹಾಗೆಯೇ ಮಾಡಿದೆ. ಅಲ್ಲಿ ಎರಡೇ ದಿನದಲ್ಲಿ ಫೋನು ಬಂತು, ‘ಬಾಯಿಯವರು ಕೈಹಚ್ಚಿ ಕಂಪ್ಯೂಟರು ಸಾಯಿಸಿದರು’ ಎಂದು. ಜೇವರ್ಗಿಯ ಕೆಲಸ ಬಿಟ್ಟು, ಎರಡು ಬಸ್ಸು ಬದಲಿಸಿ ಹೋಗಿ ನೋಡಿದರೆ, ಯಾರೋ ಫ್ಲಾಪಿಯನ್ನು ಒಳಗೇ ಮರೆತಿದ್ದರು. ಕಂಪ್ಯೂಟರು ಡಿಸ್ಕಿನ ಬದಲು ಅದನ್ನೇ ಓದಲು ಹೋಗಿ ನಿಂತಿತ್ತು. ಫ್ಲಾಪಿ ಹೊರಗೆಳೆದೆ, ಎದ್ದಿತು. ಒಂದು ಮಾತೂ ಆಡದೆ ಅದೇ ಬಸ್ಸಿಗೆ ತಿರುಗಿ ಬಂದೆ. ನನಗೆ ಅಷ್ಟು ಸೊಕ್ಕು ಬಂದಿತ್ತು.

ಆ ಸೊಕ್ಕಿನಲ್ಲೇ ಜೇವರ್ಗಿಗೆ ಹೋದೆ. ಅಲ್ಲಿ ಒಂದೊಂದೇ ಸಾಲು ನೋಡುವ ತಾಳ್ಮೆ ತೋರಿಸಲಿಲ್ಲ. ಆಳಂದದ ಪಟ್ಟಿಯನ್ನು ಫ್ಲಾಪಿಯಲ್ಲಿ ತಂದು ಹಾಗೆಯೇ ಹಾಕಿಬಿಟ್ಟೆ. ಅಲ್ಲಿನ ಜವಾನ ಖಾಜಾಸಾಬರು ನನಗಿಂತ ಹಿರಿಯರು. ಬೆಳಿಗ್ಗೆ ಕಂಪ್ಯೂಟರು ಹಚ್ಚಿ, ತಾರೀಖು ಒತ್ತಿ, ನೀರು ತರಲು ಹೋಗುವುದು ಅವರ ರೂಢಿ. ಅವರು ಬಂದು ತೆರೆಯನ್ನೇ ನೋಡಿದರು.

“ಮೇಡಂ, ಇದು ಮೊದಲ ತಾರೀಖ ಕೇಳ್ತಿತ್ತಲ್ರಿ. ಈಗ್ಯಾಕ ಕೇಳಂಗಿಲ್ಲ?”

“ಈಗ ಅದಕ್ಕ ತಾನ ಗೊತ್ತಾಗ್ತದ, ಖಾಜಾಸಾಬ್.”

“ಯಾರ್ ಹೇಳಿದ್ರು ಅದಕ್ಕ?” ಎಂದರು ಅವರು. ನಾನು ನಕ್ಕೆ.

ಮೂರು ವಾರ ಕಳೆಯಿತು. ಮ್ಯಾಲಿನವರು ಬಂದು ನೋಡಿ ಹೋದರು, ಬಿರಾದಾರ ಸಾಹೇಬರು ನನ್ನ ಹೆಸರನ್ನು ಎರಡು ಸಲ ಹೇಳಿದರು. ಅದಾದ ಮೇಲಿನ ಶುಕ್ರವಾರ, ಜೇವರ್ಗಿ ಕಚೇರಿಯ ಬಾಗಿಲಲ್ಲಿ ಮಹಾದೇವಿ ಬಂದು ನಿಂತರು.

ಮಹಾದೇವಿ ಆ ಊರಿನಲ್ಲೇ ಬಟ್ಟೆ ಹೊಲಿಯುತ್ತಿದ್ದವರು. ಹೊಲಿಗೆಯ ಸರ್ಟಿಫಿಕೇಟು ಇಟ್ಟುಕೊಂಡು ಒಂಬತ್ತು ವರ್ಷದ ಹಿಂದೆ ನಮ್ಮಲ್ಲಿ ಹೆಸರು ಬರೆಸಿದ್ದರು. ಅವರ ಕಾರ್ಡನ್ನು ನಾನೇ ಟೈಪು ಮಾಡಿದ್ದೆ. ಕಾರ್ಡುಗಳಿಂದ ಕಂಪ್ಯೂಟರಿಗೆ ಬಂದಾಗ ಅವರ ಹೆಸರನ್ನೂ ಆ ಹಳೆಯ ತಾರೀಖಿನೊಂದಿಗೇ ಹಾಕಿದ್ದೆ. ಆಗೊಮ್ಮೆ ಈಗೊಮ್ಮೆ ಬಂದು ‘ಏನರೆ ಬಂತೇನ್ರಿ’ ಎಂದು ಕೇಳಿ ಹೋಗುತ್ತಿದ್ದರು. ಅವತ್ತು ಒಳಗೆ ಬಂದು ಕೂತರು. ಕೈಯಲ್ಲಿ ಅಳತೆಯ ಟೇಪು ಇತ್ತು, ಅದನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದರು.

“ಬಾಯೀ, ತರಬೇತಿ ಕೇಂದ್ರಕ್ಕ ಹೊಲಿಗೀ ಟೀಚರ್ ಬೇಕಂತ ನಿಮ್ಮ ಕಡಿಂದ ಹೆಸರ ಹೋಗ್ಯಾವಂತ, ಖರೇ ಏನ್ರಿ?”

“ಹೌದು. ಮೂರು ಹೆಸರ ಕಳಿಸೇವಿ. ಸೋಮವಾರ ಕಲಬುರಗಿಯಾಗ ಇಂಟರ್‌ವ್ಯೂ ಅದ.”

“ನಂದು ಇಲ್ಲೇನ್ರಿ ಅದ್ರಾಗ?”

ನಾನು ಪಟ್ಟಿಯ ನಕಲು ನೋಡಿದೆ. ಅವರ ಹೆಸರು ಇರಲಿಲ್ಲ. “ನಿಮ್ಮಕಿಂತ ಮೊದಲ ಬರೆಸಿದವರು ಇರ್ತಾರ,” ಎಂದೆ.

“ಇರಬಹುದ್ರಿ.” ಅವರು ಟೇಪನ್ನು ಮಡಿಲಲ್ಲಿ ಇಟ್ಟುಕೊಂಡರು. “ನಾ ಜಗಳಾಡಾಕ ಬಂದಿಲ್ರಿ. ನೀಲಮ್ಮ ಅಂತ ನನ್ನ ಕಡೆ ಹೊಲಿಗೀ ಕಲತ ಹುಡುಗಿ. ಹೋದ ತಿಂಗಳ ಸರ್ಟಿಫಿಕೇಟ್ ಬಂತು, ನಾನ ಕರಕೊಂಡು ಬಂದು ಇಲ್ಲೇ ಹೆಸರ ಹಚ್ಚಿಸೇನಿ. ಆಕಿಗಿ ಪತ್ರ ಬಂದದ. ಮೊನ್ನಿ ಸಕ್ಕರೀ ಕೊಡಾಕ ಬಂದಿದ್ಲು. ಆಕಿದು ಬಂತು, ನಂದು ಬರಲಿಲ್ಲ. ಹೊಸಾದು ಏನರೆ ಕಾಯ್ದೆ ಆಗಿದ್ರ ಹೇಳ್ರಿ, ಸುಮ್ನ ಇರ್ತೇನಿ. ಬರೂ ತಿಂಗಳಿಗಿ ನಂದು ವಯಸ್ಸು ದಾಟ್ತದ್ರಿ. ಆಮ್ಯಾಗ ನಾ ಮತ್ತ ಕೇಳಾಕೂ ಬರಂಗಿಲ್ಲ.”

“ಮಷೀನ್ ತಪ್ಪು ಮಾಡಂಗಿಲ್ಲ, ಮಹಾದೇವಿ,” ಎಂದೆ ನಾನು. ಇಷ್ಟು ವರ್ಷಗಳಾದರೂ ಆ ಮಾತು ನೆನಪಾದರೆ ನನಗೆ ನಾಚಿಕೆಯಾಗುತ್ತದೆ.

“ಜರಾ ನೋಡ್ರಿ,” ಎಂದರು ಅವರು, ಅಷ್ಟೇ.

ನೋಡಿದೆ. ನಾವು ಅಚ್ಚು ಮಾಡುವ ಪಟ್ಟಿಯಲ್ಲಿ ಹೆಸರು ಮಾತ್ರ ಬರುತ್ತಿತ್ತು, ತಾರೀಖು ಬರುತ್ತಿರಲಿಲ್ಲ. ಅಭ್ಯರ್ಥಿಗಳಿಗೆ ಕೊಡುವ ಚೀಟಿಗೆ ಖಾಜಾಸಾಬರು ಕೈಯಿಂದಲೇ ತಾರೀಖಿನ ಮುದ್ರೆ ಒತ್ತುತ್ತಿದ್ದರು. ಹಾಗಾಗಿ ಕಂಪ್ಯೂಟರಿನ ಒಳಗೆ ಯಾವ ತಾರೀಖು ಬಿದ್ದಿದೆ ಎಂದು ಮೂರು ವಾರ ಯಾರೂ ನೋಡಿರಲಿಲ್ಲ. ನೀಲಮ್ಮನ ಹೆಸರು ತೆರೆದೆ. ಹೆಸರು ಬರೆಸಿದ ದಿನ: ಜನವರಿ ಒಂದು, ಸಾವಿರದ ಒಂಬೈನೂರ ಎಂಬತ್ತು. ಅದಕ್ಕೂ ಹಿಂದಿನ ಹೆಸರು ತೆರೆದೆ. ಅದೇ ದಿನ. ಆ ಮೂರು ವಾರಗಳಲ್ಲಿ ಜೇವರ್ಗಿಯಲ್ಲಿ ಬರೆಸಿದವರೆಲ್ಲ ಅದೇ ಒಂದು ದಿನ ಬಂದು ಸಾಲಾಗಿ ನಿಂತಿದ್ದರು.

ಜೇವರ್ಗಿಯದು ಉಳಿದೆರಡಕ್ಕಿಂತ ಹಳೆಯ ಮಾದರಿ. ಅದರೊಳಗೆ ಗಡಿಯಾರವೇ ಇರಲಿಲ್ಲ. ಆರಿಸಿದರೂ ಕರೆಂಟು ಹೋದರೂ ಅದಕ್ಕೆ ತಾರೀಖು ಮರೆತುಹೋಗುತ್ತಿತ್ತು. ಪ್ರತಿ ಬೆಳಿಗ್ಗೆ ಅದು ಎಂಬತ್ತನೆಯ ಇಸವಿಯ ಮೊದಲನೆಯ ದಿನಕ್ಕೇ ಎಚ್ಚರಾಗುತ್ತಿತ್ತು. ಆ ಮಾದರಿಯನ್ನು ಮಾಡಿದ್ದೇ ಹಾಗೆ. ಅದಕ್ಕೇ ಯಾರೋ ಪುಣ್ಯಾತ್ಮರು ತಾರೀಖು ಕೇಳುವ ಸಾಲನ್ನು ಅಲ್ಲಿ ಬರೆದಿಟ್ಟಿದ್ದರು. ನಾನು ಅದನ್ನು ಅಳಿಸಿದ್ದೆ.

ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಇದೊಂದೇ: ಬೇರೆಯವರು ಬರೆದ ಸಾಲನ್ನು ತೆಗೆಯುವ ಮೊದಲು ಅದನ್ನು ಏಕೆ ಬರೆದರೆಂದು ಕೇಳಿ. ಬರೆದವರು ಇಲ್ಲದಿದ್ದರೆ, ದಿನಾ ಅದರ ಎದುರು ನಿಲ್ಲುವವರನ್ನಾದರೂ ಕೇಳಿ. ಖಾಜಾಸಾಬರು ನನ್ನನ್ನು ಕೇಳಿಯೇ ಇದ್ದರು.

ಮಹಾದೇವಿಗೆ “ಇಲ್ಲೇ ಕೂಡ್ರಿ” ಎಂದು ಹೇಳಿ, ಪಕ್ಕದ ಕೋಣೆಯಲ್ಲಿದ್ದ ಬಿರಾದಾರ ಸಾಹೇಬರ ಮುಂದೆ ಹೋಗಿ ನಿಂತೆ. ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಮುಚ್ಚಿಹಾಕಲು ದಾರಿ ಇತ್ತು. ಪತ್ರಗಳು ಹೋಗಿಯಾಗಿತ್ತು, ಮುಂದಿನ ತಿಂಗಳಿಗೆ ಮಹಾದೇವಿಯ ವಯಸ್ಸು ದಾಟಿದರೆ ಯಾರೂ ಕೇಳುತ್ತಿರಲಿಲ್ಲ.

“ಈ ಕಂಪ್ಯೂಟರ್ ಎರಡು ನಿಮಿಷದಾಗ ಏಳ್ತದಂತ ನಾ ಎಲ್ಲಾರ ಮುಂದ ಹೇಳೇನಿ,” ಎಂದರು.

“ಹೌದ್ರಿ ಸರ್.”

“ಪಟ್ಟಿ ಮ್ಯಾಲ ನನ್ನ ಸಹಿ ಅದ. ಅದು ಸುಳ್ಳಾಗಬಾರದು.” ಕಾಗದ ಎಳೆದುಕೊಂಡು ತಮ್ಮ ಕೈಯಿಂದಲೇ ಎರಡು ಪತ್ರ ಬರೆದರು. ಒಂದು ಮಹಾದೇವಿಗೆ, ಸಂದರ್ಶನಕ್ಕೆ ಹೋಗಲು; ಒಂದು ನೀಲಮ್ಮನಿಗೆ, ಅವಳ ಕರೆ ರದ್ದಾಗಿದೆಯೆಂದು. ತರಬೇತಿ ಕೇಂದ್ರಕ್ಕೆ ಫೋನು ಹಚ್ಚಿಸಿ ತಪ್ಪು ನಮ್ಮದೆಂದು ಹೇಳಿದರು. ಆಮೇಲೆ ನನ್ನ ಕಡೆ ನೋಡಿದರು: “ಅಂಚೆಗೆ ಹಾಕಿದ್ರ ಆ ಹುಡುಗಿಗಿ ಸೋಮವಾರದೊಳಗ ಮುಟ್ಟಂಗಿಲ್ಲ. ಸುಮ್ನ ಕಲಬುರಗಿ ತನಕ ಹೋಗಿ ನಿಂದರ್ತಾಳ. ನಾಳಿ ನೀವ ಹೋಗಿ ಕೈಯಾಗ ಕೊಟ್ಟು ಬರ್ರಿ.”

ಬೈದಿದ್ದರೆ ಹಗುರಾಗುತ್ತಿತ್ತು. ಮಹಾದೇವಿ ಪತ್ರ ತೆಗೆದುಕೊಂಡು ಓದಿ, ಮಡಚಿ, “ಹಂಗಾರ ಆ ಹುಡುಗಿ?” ಎಂದರು. “ನಾಳಿ ನಾನ ಹೋಗಿ ಹೇಳ್ತೇನಿ,” ಎಂದೆ. ತಾರೀಖುಗಳನ್ನೆಲ್ಲ ತಿದ್ದೋಣವೆಂದು ಕೂತೆ, ಕರೆಂಟು ಹೋಯಿತು, ಸಂಜೆಯವರೆಗೂ ಬರಲಿಲ್ಲ.

ಶನಿವಾರ ಬೆಳಿಗ್ಗೆ ನೀಲಮ್ಮನ ಊರಿಗೆ ಹೋದೆ. ಭೀಮಾ ನದಿಯ ದಂಡೆಯ ಸಣ್ಣ ಹಳ್ಳಿ. ಬಸ್ಸು ದೊಡ್ಡ ರಸ್ತೆಯಲ್ಲಿ ಇಳಿಸಿ ಹೋಯಿತು, ಅಲ್ಲಿಂದ ಜೋಳದ ಹೊಲಗಳ ನಡುವೆ ಕಾಲುದಾರಿ. ಎರಡೂ ಕಡೆ ನನಗಿಂತ ಎತ್ತರದ ಬೆಳೆ. ಗಾಳಿ ಬೀಸಿದಾಗ ಎಲೆಗಳ ಸದ್ದು ನೀರಿನ ಸದ್ದಿನ ಹಾಗೆ ಕೇಳುತ್ತಿತ್ತು. ನದಿ ಎಲ್ಲಿದೆ, ಹೊಲ ಎಲ್ಲಿದೆ ತಿಳಿಯುತ್ತಿರಲಿಲ್ಲ. ಈ ದಾರಿ ಮುಗಿಯದೇ ಇರಲಿ ಎಂದು ನಡೆಯುತ್ತಿದ್ದೆ. ಮುಗಿಯಿತು.

ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಒಬ್ಬ ಹುಡುಗಿ ಕೂತಿದ್ದಳು. ಇಪ್ಪತ್ತರ ಪ್ರಾಯ. ಅವಳ ತಾಯಿ ನನ್ನನ್ನು ನೋಡಿದ್ದೇ ತಡ, “ಆಫೀಸಿನ ಬಾಯಿ ಬಂದಾರ” ಎಂದು ಚಾಪೆ ಹಾಸಿ, ಚಹಾಕ್ಕೆ ಒಲೆ ಹಚ್ಚಲು ಹೋದರು. ಪತ್ರ ಆಮೇಲೆ ಕೊಟ್ಟೆ. ಮೊದಲು ಬಾಯಿಯಿಂದ ಹೇಳಿದೆ. ಗಡಿಯಾರವಿಲ್ಲದ ಕಂಪ್ಯೂಟರು, ನಾನು ಅಳಿಸಿದ ಸಾಲು, ಎಂಬತ್ತನೆಯ ಇಸವಿ, ಎಲ್ಲ. ನೀಲಮ್ಮ ಯಂತ್ರದ ಚಕ್ರದ ಮೇಲೆ ಕೈ ಇಟ್ಟುಕೊಂಡೇ ಕೇಳಿದಳು.

“ಹಂಗಾರ ನಂದ್ರಿಂದ ಮಹಾದೇವಿ ಅಕ್ಕಾರ ಹೆಸರು ಬಿಟ್ಟಿತ್ತೇನ್ರಿ?”

“ನಿನ್ನಿಂದ ಅಲ್ಲವ್ವ. ನನ್ನಿಂದ.”

ಅವಳು ಒಳಗೆ ಹೋದಳು. ತಾಯಿ ಏನೋ ಕೇಳಿದ್ದು, ಅವಳು ಸಣ್ಣ ದನಿಯಲ್ಲಿ ಹೇಳಿದ್ದು ಕೇಳಿಸಿತು. ತನಗೆ ಮೊದಲು ಬಂದಿದ್ದ ಸಂದರ್ಶನದ ಪತ್ರವನ್ನು ಹಿಡಿದು ಹೊರಗೆ ಬಂದಳು. ಮಡಿಕೆ ಹಾಳಾಗದ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದಳು. ಚೀಲದ ಸಮೇತ ನನ್ನ ಕೈಗೆ ಕೊಟ್ಟಳು.

“ನಾ ಸಕ್ಕರೀ ಕೊಡಾಕ ಹೋದಾಗ ಅಕ್ಕಾರು ಏನ ಅನಲಿಲ್ರಿ. ಇಂಟರ್‌ವ್ಯೂಕ್ಕ ಹೊಸಾ ಕುಬಸ ಬೇಕಂತ ನನ್ನ ಅಳತಿ ತಗೊಂಡ್ರು. ಹೊಲಿದಿಟ್ಟಾರ. ಒಳಗ ಬಟ್ಟಿ ಬಿಟ್ಟಿರ್ತಾರ, ಎರಡೂ ಕಡಿ ಬಿಚ್ಚಿದ್ರ ಅವರಿಗೂ ಬರ್ತದ. ಅದನ್ನ ಹಾಕ್ಕೊಂಡು ಹೋಗ್ರಿ ಅಂತ ಹೇಳ್ರಿ.”

ಚಹಾ ಬಂತು. ತಾಯಿ ಮುಖ ತಿರುಗಿಸಿಕೊಂಡೇ ಕೊಟ್ಟರು, ಅದರಲ್ಲಿ ತಪ್ಪೇನಿರಲಿಲ್ಲ. ನಾನು ಹೊರಟಾಗ ನೀಲಮ್ಮ ಬಾಗಿಲ ತನಕ ಬಂದಳು.

“ಆ ತಾರೀಖ ಅಳಿಸಿದ್ರೇನ್ರಿ?”

“ಇಲ್ಲ. ಬರೂ ಶುಕ್ರವಾರ ಅಳಿಸ್ತೇನಿ.”

“ನಾ ಬರ್ತೇನಿ. ಅಲ್ಲೀ ತನಕ ಅಳಿಸಬ್ಯಾಡ್ರಿ.”

ಸೋಮವಾರ ಮಹಾದೇವಿ ಯಾವ ಕುಬಸ ತೊಟ್ಟು ಹೋದರೋ ನನಗೆ ಗೊತ್ತಿಲ್ಲ. ಮೂವರಲ್ಲಿ ಅವರನ್ನೇ ಆರಿಸಿದರು. ಮುಂದೆ ನಿವೃತ್ತಿಯ ತನಕ ಅದೇ ಕೇಂದ್ರದಲ್ಲಿ ಹೊಲಿಗೆ ಕಲಿಸಿದರು. ನೀಲಮ್ಮನ ಸರದಿ ಬರಲು ಮತ್ತೆ ನಾಲ್ಕು ವರ್ಷ ಹಿಡಿಯಿತು, ಅವಳಿಗೂ ಒಂದು ವಸತಿ ಶಾಲೆಯಲ್ಲಿ ಕೆಲಸವಾಯಿತು. ಬಿರಾದಾರ ಸಾಹೇಬರು ಆ ತಪ್ಪಿನ ಮಾತನ್ನು ಮತ್ತೆ ಒಂದು ಸಲವೂ ಎತ್ತಲಿಲ್ಲ. ಖಾಜಾಸಾಬರಿಗೆ ನಾನು ಕ್ಷಮೆ ಕೇಳಿದೆ. “ಅದಕ್ಕೇನ್ರಿ, ಮೇಡಂ,” ಎಂದು ನೀರಿನ ಕೊಡ ತೆಗೆದುಕೊಂಡು ಹೋದರು.

ಆ ಶುಕ್ರವಾರ ನೀಲಮ್ಮ ಬಂದಳು. ತಾರೀಖು ಕೇಳುವ ಸಾಲನ್ನು ನಾನು ಬೆಳಿಗ್ಗೆಯೇ ತಿರುಗಿ ಹಾಕಿದ್ದೆ. ಅವಳ ಹೆಸರು ತೆರೆದು, ನನ್ನ ಪಕ್ಕ ಕುರ್ಚಿ ಎಳೆದು ಕೂಡಿಸಿದೆ. ಕಪ್ಪು ತೆರೆಯ ಮೇಲೆ ಹಸಿರು ಅಕ್ಷರದಲ್ಲಿ ಅವಳ ಹೆಸರು, ಊರು, ಆ ತಾರೀಖು. ಅವಳು ಗಾಜಿಗೆ ಇನ್ನೇನು ತಾಗುವಷ್ಟು ಹತ್ತಿರ ಬೆರಳು ಹಿಡಿದು ಓದಿದಳು.

“ಅವಾಗ ನಂಗ ಆರು ವರ್ಷ,” ಎಂದಳು. “ಆ ವರ್ಷ ಎಳ್ಳ ಅಮಾಸಿಗಿ ಅಪ್ಪ ನನ್ನ ಹೆಗಲ ಮ್ಯಾಲ ಕುಂದ್ರಿಸಿಕೊಂಡು ಹೊಲಕ್ಕ ಹೋಗಿದ್ದ. ಸಜ್ಜಿ ಕಡಬು ಕಟಗೊಂಡಿದ್ವಿ. ಮ್ಯಾಲಿಂದ ನೋಡಿದ್ರ ಹೊಲ ಪೂರಾ ಕಾಣತಿತ್ರಿ, ಹೊಳಿ ತನಕ. ಮುಂದಿನ ಮಳಿಗಾಲಕ್ಕ ಅಪ್ಪ ಇರಲಿಲ್ಲ.”

ಹೊರಗೆ ಜನ ಕಾಯುತ್ತಿದ್ದರು. ನಾನು ಕೈ ಕಟ್ಟಿ ಕೂತೆ. ಅವಳು ಇನ್ನೂ ಸ್ವಲ್ಪ ಹೊತ್ತು ನೋಡಿದಳು.

“ಸಾಕ್ರಿ,” ಎಂದಳು. “ಈಗ ತಿದ್ದರಿ.”

ಒಂದೊಂದೇ ಅಂಕಿ ಅಳಿಸಿ, ಅವಳ ಚೀಟಿಯ ಮೇಲಿನ ಖಾಜಾಸಾಬರ ಮುದ್ರೆ ನೋಡಿ ಸರಿಯಾದ ತಾರೀಖನ್ನು ಒತ್ತಿದೆ. ಪಟ್ಟಿಯ ಮೇಲ್ತುದಿಯಲ್ಲಿದ್ದ ಅವಳ ಹೆಸರು ಅಲ್ಲಿಂದ ಹೋಗಿ, ಕಟ್ಟಕಡೆಯ ಸಾಲಿನಲ್ಲಿ ಬಂದು ನಿಂತಿತು. ಅದನ್ನು ಅವಳು ನೋಡಿ, ಸೆರಗು ಸರಿಪಡಿಸಿಕೊಂಡು ಎದ್ದಳು. “ಬಸ್ಸಿನ ಹೊತ್ತಾತು, ಬರ್ತೇನ್ರಿ,” ಎಂದು ಹೋದಳು. ನಾನು ಜನವರಿ ಒಂದಕ್ಕೆ ನಿಂತಿದ್ದ ಮುಂದಿನ ಹೆಸರನ್ನು ತೆರೆದೆ.